ಸೂಜಿ ಹಾರದ ಹಾಡು

ಜಯ ಬಹ್ರೈನಿನಿಂದ ತಂದ ಪೆಟ್ಟಿಗೆಗಳನ್ನು ಮೆಟ್ಟಿಲು ಹತ್ತಿಸಿ ಮೇಲೆ ತರುವಷ್ಟರಲ್ಲಿ ಬಿಜೈಯ ಅರ್ಧ ಕೇರಿ ಕೆಳಗೆ ನೆರೆದಿತ್ತು. ಗಲ್ಫಿನಿಂದ ಬರುವವರು ಸೆಂಟು, ಸೀರೆ, ಟಾರ್ಚು ತರುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಸ್ವಲ್ಪ ಕೈ ಬಿಚ್ಚಿದವರು ರೇಡಿಯೋ, ಕ್ಯಾಸೆಟ್ ಎರಡೂ ಒಂದರಲ್ಲೇ ಇರುವ ಟೂ-ಇನ್-ವನ್ ತರುತ್ತಿದ್ದರು. ಇವನು ತಂದದ್ದು ಬಿಡಿಬಿಡಿಯಾದ ಸೆಟ್ಟು. ಪ್ಲೇಟು ತಿರುಗಿಸುವ ರೆಕಾರ್ಡ್ ಪ್ಲೇಯರ್ ಬೇರೆ, ಕ್ಯಾಸೆಟ್ ಹಾಕುವ ಡೆಕ್ ಬೇರೆ, ರೇಡಿಯೋ ಬೇರೆ, ಇವೆಲ್ಲಕ್ಕೂ ಸ್ವರ ಕೊಡುವ ಆಂಪ್ಲಿಫೈಯರ್ ಬೇರೆ, ಸಾಲದ್ದಕ್ಕೆ ಮೊಣಕಾಲೆತ್ತರದ ಎರಡು ಸ್ಪೀಕರ್.

ಅವನ ಹೆಂಡತಿ ಹೇಮಾಕ್ಷಿ ಮೊದಲು ಪೆಟ್ಟಿಗೆಗಳನ್ನು ನೋಡಿದಳು, ಆಮೇಲೆ ಮನೆಯನ್ನು ನೋಡಿದಳು. ನೋಡಲಿಕ್ಕೆ ಮನೆಯೇನು ದೊಡ್ಡದಿರಲಿಲ್ಲ. ಅಯ್ಯೂಬನ ರೇಡಿಯೋ ರಿಪೇರಿ ಅಂಗಡಿಯ ಮೇಲಿನ ಮಾಳಿಗೆ, ಮುಂದೆ ಒಂದು ಕೋಣೆ, ಹಿಂದೆ ಅಡುಗೆಮನೆ. ನೆಲಕ್ಕೆ ಹಾಸಿದ್ದು ಹಳೆಯ ಹಲಸಿನ ಹಲಗೆ. ಮೇಲೆ ಬೆಕ್ಕು ಓಡಿದರೂ ಕೆಳಗೆ ಅಯ್ಯೂಬನಿಗೆ ಅದು ಯಾವ ಕಡೆಗೆ ಓಡಿತೆಂದು ತಿಳಿಯುತ್ತಿತ್ತು. ಮುಂದಿನ ಕೋಣೆಯಲ್ಲಿ ಒಂದು ಮಂಚ, ಅವಳ ಹೊಲಿಗೆ ಮಿಷನ್ನು, ಮಂಚದ ಮೇಲೆ ಅತ್ತೆ ದೇಯಿ.

ದೇಯಿ ಈ ಮನೆಗೆ ಬಂದದ್ದು ತಾನಾಗಿ ಅಲ್ಲ. ಕೂಳೂರಿನ ಬಾವಿಕಟ್ಟೆಯಲ್ಲಿ ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಅತ್ತಾವರದ ಆಸ್ಪತ್ರೆಯಲ್ಲಿ ಆಪರೇಷನ್ ಮುಗಿದಾಗ, ತೋರಿಸಲಿಕ್ಕೆ ಹೋಗಿ ಬರುವುದಕ್ಕೆ ಹತ್ತಿರವಾಗುತ್ತದೆಂದು ಹೇಮಾಕ್ಷಿಯೇ ಹಟ ಹಿಡಿದು ಇಲ್ಲಿಗೆ ಕರೆತಂದಿದ್ದಳು. ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಅವರ ಕಡೆ ಮನೆ ತಾಯಿಯಿಂದ ಮಗಳಿಗೆ ಬರುವಂಥದ್ದು. ತಾಯಿ ಇರುವುದು ಮಗಳ ಜೊತೆ, ಅದು ಅವಳದೇ ಮನೆ. ಮಗನ ಮನೆಗೆ ಬಂದರೆ ನೆಂಟರ ಹಾಗೆ ಬರಬೇಕು, ಉಂಡು ಹೊರಡಬೇಕು. ಹಾಗಾಗಿ ದೇಯಿಗೆ ಈ ಹಲಗೆಯ ಮೇಲೆ ತಿಂಗಳುಗಟ್ಟಲೆ ಬಿದ್ದುಕೊಂಡಿರುವುದು ಮುರಿದ ಕಾಲಿಗಿಂತ ಹೆಚ್ಚು ನೋವಿನ ವಿಷಯವಾಗಿತ್ತು. ನೀರು ಬೇಕಿದ್ದರೂ ಎರಡು ಸಲ ಯೋಚಿಸಿ ಕೇಳುತ್ತಿದ್ದಳು.

ಆಸ್ಪತ್ರೆಯ ಡಾಕ್ಟರು ಮಾತಿನಲ್ಲಿ ಒರಟು. "ದಿನಾ ನಡೀಬೇಕು ಅಮ್ಮ. ನೋವಾಗ್ತದೆ ಅಂತ ಮಲಗಿದ್ರೆ ಮತ್ತೆ ಮಲಗಿಯೇ ಇರ್ತೀರಿ. ನನ್ನ ಹತ್ರ ಬಂದು ಅಳ್ಬೇಡಿ," ಎಂದು ಮುಖಕ್ಕೆ ಹೇಳಿದ್ದರು.

ಆ ಮಾತನ್ನು ಹೇಮಾಕ್ಷಿ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಮೊದಮೊದಲು ಅತ್ತೆ ಅತ್ತಳು, ಬೈದಳು, ನನ್ನನ್ನು ಕೊಲ್ಲಲಿಕ್ಕೆ ತಂದದ್ದಾ ಎಂದಳು. ಹೇಮಾಕ್ಷಿ ಕಿವಿಗೆ ಹಾಕಿಕೊಳ್ಳದೆ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಆಮೇಲೆ ಕೋಲು ಬಂತು. ಅಡುಗೆಮನೆಯ ಹೊಸ್ತಿಲಿನಿಂದ ಹೊರಟು, ಮೂಲೆಯ ಕಿಟಕಿಯ ಸರಳನ್ನು ಮುಟ್ಟಿ, ಅದನ್ನೇ ಹಿಡಿದು ತಿರುಗಿ ವಾಪಸು. ಹಲಗೆಯ ಮೇಲೆ ಕೋಲಿನ ಟಕ್, ಕಾಲಿನ ಧಪ್. ಕೆಳಗಿನಿಂದ ಅಯ್ಯೂಬ್ ಕೂಗುವುದಿತ್ತು, "ದೇಯಿಯಕ್ಕ ಇವತ್ತು ಜೋರುಂಟು! ಎಕ್ಸ್‌ಪ್ರೆಸ್ ಬಸ್ಸೇ!" ಆಗ ದೇಯಿ ನಗುತ್ತಿದ್ದಳು, ನಗುವಾಗ ಇನ್ನೊಂದು ಸುತ್ತು ಸಲೀಸಾಗಿ ಆಗುತ್ತಿತ್ತು. ಮೆಟ್ಟಿಲು ಇಳಿಯುವಷ್ಟಾದರೆ ಸಾಕು, ತನ್ನ ಕಾಲಲ್ಲೇ ಬಸ್ಸು ಹತ್ತಿ ಕೂಳೂರಿಗೆ, ಮಗಳು ಕುಶಲಾಳ ಹತ್ತಿರ ಹೋಗಿಬಿಡುವುದು ಎಂಬುದು ಅವಳ ಲೆಕ್ಕ.

ಜಯ ರಜೆಯಲ್ಲಿ ಬಂದದ್ದು ಹೀಗೆ ಟಕ್ ಧಪ್ ಚೆನ್ನಾಗಿ ನಡೆಯುತ್ತಿದ್ದಾಗ.

ಸೆಟ್ಟಿಗೆ ಜಯನ ಕಣ್ಣಿಗೆ ಬಿದ್ದ ಜಾಗ ಒಂದೇ, ಕಿಟಕಿಯ ಮೂಲೆ. ಗೋಡೆಗೂ ಮಂಚಕ್ಕೂ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ನಿಲ್ಲುವಷ್ಟು ಸಂದು. ಹೊಲಿಗೆ ಮಿಷನ್ನು ಅಡುಗೆಮನೆಗೆ ಹೋಯಿತು. ಆಂಪ್ಲಿಫೈಯರ್ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ರೇಡಿಯೋ, ಅದರ ಮೇಲೆ ಡೆಕ್, ಎಲ್ಲದರ ಮೇಲೆ ರೆಕಾರ್ಡ್ ಪ್ಲೇಯರ್, ಎಡಬಲಕ್ಕೆ ಒತ್ತಿಕೊಂಡು ಸ್ಪೀಕರು. ಹೇಮಾಕ್ಷಿ ಮದುವೆಯ ಹೊಸತರಲ್ಲಿ ಹೆಣೆದಿಟ್ಟಿದ್ದ ಬಿಳಿ ಲೇಸಿನ ಬಟ್ಟೆಯನ್ನು ಹುಡುಕಿ ತೆಗೆದು ಚಂದಕ್ಕೆ ಹೊದಿಸಿದಳು.

"ತೆಗಿ ತೆಗಿ, ಅದಕ್ಕೆ ಉಸಿರು ಕಟ್ತದೆ!" ಎಂದ ಜಯ.

ನಿಜಕ್ಕೂ ಉಸಿರು ಕಟ್ಟಿತ್ತು. ಒಂದು ಪ್ಲೇಟು ಮುಗಿಯುವಷ್ಟರಲ್ಲಿ ಆಂಪ್ಲಿಫೈಯರ್ ದೋಸೆ ಹುಯ್ಯುವಷ್ಟು ಬಿಸಿಯಾಗಿ, ಮೇಲಿನ ಡೆಕ್ಕೂ ಬೆಚ್ಚಗಾಗಿತ್ತು. ಜಯ ಬಹ್ರೈನಿನಲ್ಲಿ ಏಸಿ ಮೆಕ್ಯಾನಿಕ್, ಬಿಸಿಗಾಳಿಯ ದಾರಿ ಅವನಿಗೆ ಗೊತ್ತು. ಎಲ್ಲ ಇಳಿಸಿ, ಆಚಾರಿಯಿಂದ ಹಲಗೆಯ ತಟ್ಟು ಮಾಡಿಸಿ, ನಡುನಡುವೆ ಸಂದು ಬಿಟ್ಟು, ಆಂಪ್ಲಿಫೈಯರನ್ನು ಮೇಲಕ್ಕೇರಿಸಿದ. ಆಗ ಅದರ ಪಕ್ಕಕ್ಕೆ ಬಂದ ರೆಕಾರ್ಡ್ ಪ್ಲೇಯರ್ ಜೇನುಗೂಡಿನ ಹಾಗೆ ಗುಂಯ್‌ಗುಡತೊಡಗಿತು. ಪುನಃ ಎಲ್ಲ ಇಳಿಯಿತು. ಪ್ಲೇಯರನ್ನು ಆಂಪ್ಲಿಫೈಯರಿನಿಂದ ದೂರ ಮಾಡಿದರೆ ಸ್ಪೀಕರಿಗೆ ಹತ್ತಿರವಾಯಿತು. ಸ್ವರ ಜೋರು ಮಾಡಿದ್ದೇ ತಡ, ಸ್ಪೀಕರಿನ ನಡುಕ ಸೂಜಿಗೆ ಹೋಗಿ, ಸೂಜಿಯಿಂದ ಮತ್ತೆ ಸ್ಪೀಕರಿಗೆ ಬಂದು, ಯಾರೋ ಕೊರಳು ಹಿಸುಕಿದ ಹಾಗೆ ಊಳಿಟ್ಟಿತು. ದೇಯಿ ಮಂಚದಲ್ಲಿ ಎದ್ದು ಕೂತಳು.

"ಎಂತ ಮಗಾ ಅದು?"

"ಎಂತ ಇಲ್ಲಮ್ಮ. ಒಂದರ ನಡುಕ ಒಂದಕ್ಕೆ ತಾಗ್ಬಾರ್ದು, ಅಷ್ಟೆ."

ಸ್ಪೀಕರಿನ ಅಡಿಗೆ ನಾರಿನ ಕಾಲೊರಸು ಕತ್ತರಿಸಿ ಹಾಕಿ ಅದನ್ನೂ ಗೆದ್ದ. ಇಷ್ಟಾದಾಗ ಹಾಡು ಎಷ್ಟು ಚೆನ್ನಾಗಿ ಬಂತೆಂದರೆ, ಆ ಹಿಂದಿ ಹಾಡು ಹಾಡುವವಳು ಮೂಲೆಯಲ್ಲೇ ನಿಂತ ಹಾಗಿತ್ತು. ಹೇಮಾಕ್ಷಿ ಒಲೆಯ ಮೇಲಿದ್ದುದನ್ನು ಮರೆತು ಬಾಗಿಲಿಗೆ ಒರಗಿ ನಿಂತಳು. ಜಯನ ಮುಖ ಅರಳಿತ್ತು. ವರ್ಷವಿಡೀ ಮರಳಲ್ಲಿ ಬೆಂದು ಬಂದವನ ಮುಖ ಹಾಗೆ ಅರಳಿದ್ದು ನೋಡಿ ಅವಳಿಗೆ ನಿಜವಾಗಿ ಸಂತೋಷವಾಯಿತು.

ಅಷ್ಟರಲ್ಲಿ ದೇಯಿ ಕೋಲು ಹಿಡಿದು ತನ್ನ ಸಂಜೆಯ ಸುತ್ತಿಗೆ ಎದ್ದಳು. ಟಕ್. ಹಾಡುವವಳು ಒಂದು ಸಾಲು ಬಿಟ್ಟು ಮುಂದಕ್ಕೆ ಹಾರಿದಳು. ಧಪ್. ಇನ್ನೆರಡು ಸಾಲು ಹೋಯಿತು.

"ಅಮ್ಮಾ! ನಿಲ್ಲು ನಿಲ್ಲು!" ಜಯ ಓಡಿಹೋಗಿ ಸೂಜಿ ಎತ್ತಿದ. "ಪ್ಲೇಟಿಗೆ ಗೀರು ಬೀಳ್ತದೆ. ಈ ಹಲಗೆಯದ್ದೊಂದು ಕರ್ಮ ಮಾರಾಯ್ತಿ... ಒಂದು ಸ್ವಲ್ಪ ಕೂತ್ಕೋ, ಇದು ಮುಗಿಯಲಿ."

ದೇಯಿ ಕೂತಳು. ತಪ್ಪು ಮಾಡಿದವಳ ಹಾಗೆ ಕೋಲನ್ನು ಮೆಲ್ಲ, ಸದ್ದಾಗದಂತೆ ಮಂಚಕ್ಕೆ ಒರಗಿಸಿದಳು.

ಅಲ್ಲಿಂದ ಜಯನಿಗೆ ಹುಚ್ಚು ಹಿಡಿಯಿತು. ಅಯ್ಯೂಬನೂ ಜೊತೆಗೂಡಿದ. ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆದು ಪ್ಲೇಯರನ್ನು ನೆಲದ ಸಂಬಂಧವೇ ಇಲ್ಲದ ಹಾಗೆ ಕೂರಿಸಿದರೆ ಆಗುತ್ತಿತ್ತು. ಆದರೆ ಮನೆಯ ಧಣಿ ಮೋಹನದಾಸ ಶೆಟ್ರು ಹಳೇ ಗಾರೆಯ ಗೋಡೆಗೆ ಕ್ಯಾಲೆಂಡರಿನ ಮೊಳೆಯನ್ನೂ ಹೊಡೆಯಬಾರದೆಂದು ಮೊದಲೇ ಹೇಳಿದ್ದರು. ಉಳಿದದ್ದು ಅಡಿಯಿಂದ ಕಟ್ಟುವುದು. ಒಂದು ಕೆಂಪುಕಲ್ಲು ಮೇಲೆ ಬಂತು, ಭಾರಕ್ಕೆ. ಕಲ್ಲಿನ ಕೆಳಗೆ ಗಾಳಿ ತುಂಬಿದ ಸ್ಕೂಟರಿನ ಟ್ಯೂಬು. ಕಲ್ಲಿನ ಮೇಲೆ ಹೋಳು ಮಾಡಿದ ಟೆನ್ನಿಸ್ ಚೆಂಡುಗಳು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಪೆಟ್ಟಿಗೆಯಲ್ಲಿ ಬಂದಿದ್ದ ಸ್ಪಂಜು, ಅದರ ಮೇಲೆ ಮಹಾರಾಜನ ಹಾಗೆ ರೆಕಾರ್ಡ್ ಪ್ಲೇಯರ್. ಕಿಟಕಿಯ ಸರಳು ಈ ಗೋಪುರದ ಹಿಂದೆ ಎಲ್ಲೋ ಮರೆಯಾಯಿತು.

ಎರಡು ದಿನ ಸೂಜಿ ಹಾರಿತು, ಟ್ಯೂಬಿನ ಗಾಳಿ ಹೆಚ್ಚುಕಡಿಮೆಯಾಯಿತು. ಆಮೇಲೆ ಹಾರುವುದು ನಿಂತೇಬಿಟ್ಟಿತು. ಬೆಳಿಗ್ಗೆ ಹಾಕಿದರೂ ಇಲ್ಲ, ಸಂಜೆ ಹಾಕಿದರೂ ಇಲ್ಲ.

"ಅಯ್ಯೂಬ್, ಹೇಗುಂಟು?" ಎಂದು ಜಯ ಮೆಟ್ಟಿಲಿನ ಬಾಗಿಲಿನಿಂದ ಕೂಗಿದ.

"ಏ, ಈಗ ಮೇಲೆ ಮನೆ ಉಂಟಾ ಇಲ್ವಾ ಅಂತಲೇ ಗೊತ್ತಾಗುದಿಲ್ಲ ಮಾರಾಯ! ಒಂದು ಸದ್ದಿಲ್ಲ!"

ಜಯ ಅದನ್ನು ಹೊಗಳಿಕೆ ಎಂದುಕೊಂಡು ಬೀಗಿದ. ಅಯ್ಯೂಬನೂ ಹಾಗೆಂದೇ ಹೇಳಿದ್ದ.

ಹೇಮಾಕ್ಷಿಗೆ ಮಾತ್ರ ಆ ಮಾತು ಚುಚ್ಚಿತು. ಮರುದಿನ ಜಯ ಪೇಟೆಗೆ ಹೋದಾಗ ಮಂಚದ ಬಳಿ ಬಂದು ನೋಡಿದಳು. ಕೋಲು ನಿನ್ನೆ ಒರಗಿಸಿದ ಜಾಗದಲ್ಲೇ ಇತ್ತು, ಅದರ ಹಿಡಿಯ ಮೇಲೆ ತಾನೇ ಒಣಗಲು ಹಾಕಿದ್ದ ಕರವಸ್ತ್ರವೂ ಹಾಗೇ ಇತ್ತು.

"ಮಾಮಿ, ನೀವು ನಡೆದಿರಾ?"

"ನಡ್ದೆ ನಡ್ದೆ. ನೀನು ನೀರಿಗೆ ಹೋದಾಗ."

"ನಾನು ನೀರಿಗೆ ಹೋಗಲೇ ಇಲ್ಲ ಇವತ್ತು."

ದೇಯಿ ಸೆರಗಿನ ಅಂಚು ತಿರುವುತ್ತ ಕೂತಳು. ಆಮೇಲೆ ಸೊಸೆಯ ಕೈ ಹಿಡಿದುಕೊಂಡಳು. "ಅವ್ನಿಗೆ ಹೇಳ್ಬೇಡ ಹೇಮ. ವರ್ಷಕ್ಕೊಮ್ಮೆ ಬರುವವ. ಅವ್ನ ಮನೆಗೆ ಬಂದು ಕೂತದ್ದಲ್ಲದೆ ಅವ್ನ ಹಾಡೂ ಹಾಳು ಮಾಡುದಾ? ರಜೆ ಮುಗ್ಸಿ ಹೋಗ್ಲಿ, ಮತ್ತೆ ನೀನು ಹೇಳಿದಷ್ಟು ನಡೀತೇನೆ. ನನ್ನ ತಲೆ ಮುಟ್ಟಿ ಹೇಳು, ಬಾಯಿ ಬಿಡುದಿಲ್ಲ ಅಂತ."

ಹೇಮಾಕ್ಷಿ ತಲೆ ಮುಟ್ಟಿದಳು. ಮುಟ್ಟಬಾರದಿತ್ತು ಎಂದು ಕೈ ತೆಗೆಯುವಾಗಲೇ ಅನಿಸಿತು. ಅವಳಿಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. ಕಣ್ಣೆದುರು ತಾಯಿ ನಡೆಯದಿರುವುದು ಕಾಣದ ಮಗನ ಮೇಲೆ, ಮಗನಿಗೆ ನೆಂಟಳಾಗಿ ಕೂತ ತಾಯಿಯ ಮೇಲೆ. ತನ್ನ ಮೇಲೂ ಬಂದಿತ್ತು. ಯಾಕೆಂದರೆ ಜಯ ಸಂಜೆ ಆ ಗೋಪುರದ ಮುಂದೆ ಕೂತು ಅವಳನ್ನೂ ಪಕ್ಕಕ್ಕೆ ಕರೆದು ಹಾಡು ಕೇಳಿಸುವುದು ಅವಳಿಗೂ ಇಷ್ಟವಾಗಿತ್ತು. ತುದಿಗಾಲಲ್ಲಿ ನಡೆಯುವುದನ್ನು ಅವಳೂ ಕಲಿತುಬಿಟ್ಟಿದ್ದಳು. ಮಿಷನ್ನು ತುಳಿಯುವುದನ್ನೂ ನಿಲ್ಲಿಸಿದ್ದಳು. ದಿನಗಳು ಹಾಗೇ ಹೋದವು. ಸ್ನಾನಕ್ಕೆ ಏಳುವಾಗ ಅತ್ತೆ ತನ್ನ ಭುಜಕ್ಕೆ ಕೊಡುವ ಭಾರ ಹೆಚ್ಚುತ್ತಿರುವುದು ಅವಳ ಭುಜಕ್ಕೆ ಗೊತ್ತಾಗುತ್ತಿತ್ತು.

ಭಾನುವಾರ ಸಂಜೆ ಜಯ ಮೋಹನದಾಸ ಶೆಟ್ರನ್ನು ಸೆಟ್ಟು ನೋಡಲು ಕರೆದ. ಶೆಟ್ರಿಗೆ ಊರಲ್ಲಿ ಎರಡು ಹೋಟೆಲು, ಹಾಡಿನ ಹುಚ್ಚು ಬೇರೆ. ಅಯ್ಯೂಬನೂ ಅಂಗಡಿ ಮುಚ್ಚಿ ಮೇಲೆ ಬಂದ. ಇದ್ದ ಎರಡು ಕುರ್ಚಿಯಲ್ಲಿ ಇಬ್ಬರು ಕೂತ ಮೇಲೆ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೇಯಿ ಮಂಚದ ಮೂಲೆಯಲ್ಲಿ ಮುದುಡಿ ಕೂತಿದ್ದಳು.

ಜಯ ಪ್ಲೇಟು ಹಾಕಿ ಸೂಜಿ ಇಳಿಸಿದ. ಶೆಟ್ರು ಕಣ್ಣು ಮುಚ್ಚಿದರು. "ಆಹಾ. ಎಂಥ ಕ್ಲಿಯರ್ ಮಾರಾಯ!"

"ಇದು ಹಲಗೆ ನೆಲ ಶೆಟ್ರೇ, ಇಲ್ಲಿ ಪ್ಲೇಟು ಹಾಕ್ಲಿಕ್ಕೇ ಆಗ್ತಿರ್ಲಿಲ್ಲ. ಈಗ ನೋಡಿ, ಆನೆ ನಡೆದ್ರೂ ಸೂಜಿ ಅಲ್ಲಾಡುದಿಲ್ಲ."

ಅಡುಗೆಮನೆಯಲ್ಲಿ ಹೇಮಾಕ್ಷಿ ಗೋಳಿಬಜೆಯ ತಟ್ಟೆ ಹಿಡಿದು ನಿಂತಿದ್ದಳು. ಆನೆ ಎಂಬ ಮಾತು ಕೇಳಿದಾಗ ಅವಳಿಗೆ ಇನ್ನು ತಡೆಯಲಾಗಲಿಲ್ಲ. ಬಾಯಿ ಬಿಡುವುದಿಲ್ಲವೆಂದು ತಲೆ ಮುಟ್ಟಿದ್ದಳು, ಸರಿ. ಕಾಲಿನ ಬಗ್ಗೆ ಯಾರೂ ಆಣೆ ತೆಗೆದುಕೊಂಡಿರಲಿಲ್ಲ. ಅವಳು ಹೊಸ್ತಿಲು ದಾಟಿ, ಹಿಮ್ಮಡಿ ಊರಿ, ತನ್ನ ಮನೆಯಲ್ಲಿ ತಾನು ನಡೆಯಬೇಕಾದ ಹಾಗೆ ನಡೆದು ಬಂದಳು.

ಹಾಡು ಹಾರಿತು. ಇನ್ನೊಂದು ಹೆಜ್ಜೆಗೆ ಇನ್ನೊಮ್ಮೆ ಹಾರಿತು.

"ಮೆಲ್ಲ ನಡಿ ಮಾರಾಯ್ತಿ!" ಜಯ ಹೌಹಾರಿದ.

ಅವಳು ತಟ್ಟೆ ಇಟ್ಟು, ತಿರುಗಿ, ಅಷ್ಟೇ ಗಟ್ಟಿಯಾಗಿ ಹೊಸ್ತಿಲಿನವರೆಗೆ ಹೋದಳು. ಹಾಡುವವಳಿಗೆ ಬಿಕ್ಕಳಿಕೆ ಬಂದ ಹಾಗಾಯಿತು. ಶೆಟ್ರು ಕಣ್ಣು ತೆರೆದರು.

"ಇದೆಂಥದು! ಇಷ್ಟು ದಿನ ಹಾರ್ಲಿಲ್ವಲ್ಲ?" ಜಯ ಟ್ಯೂಬು ಒತ್ತಿ ನೋಡಿದ. ಗಾಳಿ ಸರಿಯಾಗಿಯೇ ಇತ್ತು.

"ಇಷ್ಟು ದಿನ ಈ ಮನೆಯಲ್ಲಿ ನಡೆದದ್ದು ಯಾರು?" ಎಂದಳು ಹೇಮಾಕ್ಷಿ.

ಜಯನಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಅಯ್ಯೂಬನಿಗೆ. ಅವನ ಕೈಯಲ್ಲಿದ್ದ ಗೋಳಿಬಜೆ ಕೈಯಲ್ಲೇ ಉಳಿಯಿತು. "ಹೌದಲ್ಲ ಜಯಣ್ಣ. ದೇಯಿಯಕ್ಕನ ಕೋಲಿನ ಸದ್ದು ಕೇಳದೆ ಎಷ್ಟೋ ದಿನ ಆಯ್ತು. ನಾನು ನಿಮ್ಮ ಟ್ಯೂಬಿನ ಮಹಿಮೆ ಅಂತ ತಿಳ್ಕೊಂಡೆ."

ಜಯ ಮೆಲ್ಲ ತಾಯಿಯ ಕಡೆ ತಿರುಗಿದ.

"ಅವ್ಳು ಸುಮ್ನೆ ಹೇಳುದು ಮಗಾ. ನಾನು ನಡೀತೇನೆ. ನೋಡು ಬೇಕಾದ್ರೆ," ಎಂದು ದೇಯಿ ಗಡಿಬಿಡಿಯಲ್ಲಿ ಕೋಲಿಗೆ ಕೈ ಹಾಕಿ ಏಳಲು ಹೋದಳು. ಎದ್ದದ್ದು ಅರ್ಧ. ಮಂಡಿ ನಿಲ್ಲಲಿಲ್ಲ. ಮುಗ್ಗರಿಸಿದವಳನ್ನು ಜಯ ಹಿಡಿದುಕೊಳ್ಳದಿದ್ದರೆ ಕೆಂಪುಕಲ್ಲಿಗೇ ತಲೆ ತಾಗುತ್ತಿತ್ತು. ಹಿಡಿದುಕೊಂಡವನು ಬಿಡಲಿಲ್ಲ. ಹಾಗೇ ಮಂಚದ ಮೇಲೆ ತಾಯಿಯನ್ನು ತಬ್ಬಿ ಕೂತ. ಅವನಿಗೆ ಅಳು ಬಂದಿತ್ತು, ಶೆಟ್ರ ಮುಂದೆ ಎಂಬ ನಾಚಿಕೆಯೂ ಇರಲಿಲ್ಲ. ಶೆಟ್ರು ದೊಡ್ಡ ಮನುಷ್ಯರು. ತಾವೇ ಎದ್ದು ಹೋಗಿ ಸೂಜಿಯನ್ನು ಎತ್ತಿ ಬದಿಗಿಟ್ಟರು.

ಬೆಳಿಗ್ಗೆ ಹೇಮಾಕ್ಷಿ ಎದ್ದು ನೋಡುವಾಗ ಜಯ ಗೋಪುರ ಬಿಚ್ಚುತ್ತಿದ್ದ. ಸ್ಪಂಜು, ಚೆಂಡು, ಕಲ್ಲು, ಟ್ಯೂಬು ಎಲ್ಲ ಹೊರಗೆ. ಪೆಟ್ಟಿಗೆಗೆ ತುಂಬಿ ಯಾರಿಗಾದರೂ ಕೊಟ್ಟುಬಿಡುತ್ತಾನೆ ಎಂದುಕೊಂಡಳು. ಆದರೆ ಅವನು ಎಲ್ಲವನ್ನೂ ಬಾಗಿಲ ಹಿಂದಿನ ಸಂದಿಗೆ ಸಾಗಿಸಿ ಒಂದರ ಮೇಲೊಂದು ಪೇರಿಸಿದ, ಬಿಸಿಗಾಳಿಗೆ ಸಂದು ಬಿಟ್ಟು. ರೆಕಾರ್ಡ್ ಪ್ಲೇಯರನ್ನು ಮಾತ್ರ ಒಂದು ಬರಿಯ ಸ್ಟೂಲಿನ ಮೇಲಿಟ್ಟ, ಸ್ಟೂಲಿನ ಕಾಲು ನೇರ ಹಲಗೆಯ ಮೇಲೆ. ಕಿಟಕಿಯ ಸರಳು ಹೊರಗೆ ಬಂತು. ಪ್ಲೇಟು ಹಾಕಿ ತಾಯಿಯ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದ.

"ನಡಿ ಅಮ್ಮ."

ಒಂದು ಹೆಜ್ಜೆಗೆ ಹಾಡು ಹಾರಿತು. ದೇಯಿ ಬೆಚ್ಚಿ ನಿಂತಳು.

"ಹಾರ್ಲಿ. ನೀನು ನಿಲ್ಬೇಡ."

ಆ ಮಧ್ಯಾಹ್ನ ಅಯ್ಯೂಬ್ ಎರಡು ಕಬ್ಬಿಣದ ಬ್ರಾಕೆಟ್ ಹಿಡಿದು ಓಡಿಬಂದ. ಶೆಟ್ರು ತಾವಾಗಿ ಹೇಳಿಕಳಿಸಿದ್ದರು, ಗೋಡೆಗೆ ಎಷ್ಟು ತೂತು ಬೇಕಾದರೂ ಹೊಡೆಯಿರಿ ಎಂದು. ಜಯ ಬ್ರಾಕೆಟನ್ನು ತಿರುಗಿಸಿ ನೋಡಿ ಅಟ್ಟಕ್ಕೆ ಎಸೆದ.

"ಈಗ ಬೇಡ."

"ಎಂತ ಜಯಣ್ಣ, ಪ್ಲೇಟು ಪೂರ್ತಿ ಹಾಳಾಗ್ತದೆ!"

"ಹಾಳಾಗ್ಲಿ ಮಾರಾಯ. ಪ್ಲೇಟು ಬೇರೆ ಸಿಗ್ತದೆ. ಅಮ್ಮ ನಡೆಯುದು ನಂಗೆ ಕೇಳ್ಬೇಕು."

ರಜೆ ಮುಗಿದು ಹೊರಡುವಾಗ ಅವನು ಹೇಮಾಕ್ಷಿಗೆ ಡೆಕ್ಕಿನ ಕೆಂಪು ಗುಂಡಿ ತೋರಿಸಿಕೊಟ್ಟ. ಅಮ್ಮ ನಡೆಯುವಾಗ ಪ್ಲೇಟು ಹಾಕಬೇಕು, ಈ ಗುಂಡಿ ಒತ್ತಬೇಕು, ಕ್ಯಾಸೆಟ್ ತುಂಬಿದರೆ ಬಹ್ರೈನಿಗೆ ಹೋಗುವವರ ಕೈಯಲ್ಲಿ ಕೊಡಬೇಕು. ಅವಳು ಹಾಗೇ ಮಾಡಿದಳು. ಮೊದಲ ಕ್ಯಾಸೆಟ್‌ನಲ್ಲಿ ಹಾಡು ಅಲ್ಲೊಮ್ಮೆ ಇಲ್ಲೊಮ್ಮೆ ಹಾರಿ, ನಡುವೆ ತುಂಬಾ ಹೊತ್ತು ಸುಮ್ಮನೆ ಹರಿಯುತ್ತಿತ್ತು. ಆಮೇಲಿನವುಗಳಲ್ಲಿ ಹಾರುವುದು ಹತ್ತಿರ ಹತ್ತಿರವಾಯಿತು. ಬಹ್ರೈನಿನಲ್ಲಿ ಕೋಣೆಯ ಜೊತೆಗಾರ ಅಲೆಕ್ಸ್, ಇದೆಂಥ ದರಿದ್ರ ಟೇಪು, ಡೆಕ್ಕಿನ ಹೆಡ್ಡು ಒರೆಸು ಎಂದು ದಿನಾ ಬೈಯುತ್ತಾನಂತೆ. ತಾನು ಕೇಳಿಯೂ ಕೇಳದವನ ಹಾಗೆ ಇನ್ನೊಮ್ಮೆ ಹಾಕುತ್ತೇನೆ ಎಂದು ಜಯ ಹೇಳಿಕಳಿಸಿದ್ದ.

ಮಳೆ ಬಿಟ್ಟು ಬಿಸಿಲು ಬಂದ ಒಂದು ಬೆಳಿಗ್ಗೆ ಹೇಮಾಕ್ಷಿ ಜಯ ಕಳಿಸಿದ್ದ ಹೊಸ ಪ್ಲೇಟು ಹಾಕಿ, ಕೆಂಪು ಗುಂಡಿ ಒತ್ತಿ, "ನಡೀರಿ ಮಾಮಿ," ಎಂದು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯಲು ಕೂತಳು. ಹಾಡು ಎಂದಿನ ಹಾಗೆ ಹಾರಿ ಹಾರಿ ಹೋಗುತ್ತಿತ್ತು. ಈಗ ಅವಳ ಕಿವಿ ಹಾಡನ್ನು ಕೇಳುವುದನ್ನೇ ಬಿಟ್ಟಿತ್ತು, ಹಾರುವುದನ್ನಷ್ಟೇ ಕೇಳುತ್ತಿತ್ತು. ಅರ್ಧ ಕಾಯಿ ತುರಿದಾಗ ಹಾಡು ಹಾರುವುದನ್ನು ನಿಲ್ಲಿಸಿತು.

ಅವಳು ಕಾದಳು. ಹಾಡು ಸಲೀಸಾಗಿ, ಗೆರೆ ಕೊರೆದ ಹಾಗೆ, ಒಂದು ಸಾಲಿನಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಬಿದ್ದಿದ್ದರೆ ಧಡಕ್ಕನೆ ಹಾರಬೇಕಿತ್ತು. ಕೂತುಬಿಟ್ಟಳೇ? ಪುನಃ ನಡೆಯಲಾಗದೆ ಕೂತುಬಿಟ್ಟಳೇ? ತುರಿಮಣೆಯನ್ನು ಹಾಗೇ ಬಿಟ್ಟು ಹೊಸ್ತಿಲಿಗೆ ಬಂದಳು.

ಕೋಣೆಯಲ್ಲಿ ಯಾರೂ ಇರಲಿಲ್ಲ. ಮಂಚ ಖಾಲಿ. ಕೋಲಿಲ್ಲ. ಮೆಟ್ಟಿಲಿನ ಬಾಗಿಲು ತೆರೆದಿತ್ತು.

ಅವಳು ಕಿಟಕಿಗೆ ಓಡಿ ಸರಳು ಹಿಡಿದು ಬಗ್ಗಿದಳು, ಓಡಿದ ಹೆಜ್ಜೆಗೆ ಹಿಂದೆ ಹಾಡು ಹಾರಿತು. ಕೆಳಗೆ ರಸ್ತೆಯ ಅಂಚಿನಲ್ಲಿ, ಬಿಸಿಲಲ್ಲಿ, ಒಂದು ಕೈಯಲ್ಲಿ ಕೋಲು ಊರಿ, ಇನ್ನೊಂದರಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು ದೇಯಿ ನಿಂತಿದ್ದಳು. ಅಂಗಡಿಯ ಒಳಗಿನಿಂದ ಅಯ್ಯೂಬ್ ಬಾಯಿ ತೆರೆದು ನೋಡುತ್ತಿದ್ದ.

"ಎಂತ ನೋಡ್ತೀ? ಕೂಳೂರಿನ ಬಸ್ಸು ಇಲ್ಲಿ ನಿಲ್ತದಾ, ಇಲ್ಲ ಮುಂದೆ ಹೋಗ್ಬೇಕಾ?" ಎಂದು ದೇಯಿ ಅವನನ್ನು ಕೇಳುವುದು ಮೇಲಿನವರೆಗೂ ಕೇಳಿಸಿತು.

ಹೇಮಾಕ್ಷಿ ಮೆಟ್ಟಿಲಿನ ಬಾಗಿಲಿಗೆ ಬಂದು, ಇನ್ನೇನು ಧಡಧಡ ಇಳಿಯಬೇಕು ಅನ್ನುವಾಗ ಡೆಕ್ಕಿನ ಕಡೆ ನೋಡಿದಳು. ಜಯನಿಗೆ ಹೋಗಬೇಕಾದ ಕ್ಯಾಸೆಟ್ ತಿರುಗುತ್ತಿತ್ತು. ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ, ಒಂದೂ ಹಲಗೆ ಅಲುಗದ ಹಾಗೆ ಮೆಲ್ಲನೆ ಇಳಿದು ಹೋದಳು. ಮೇಲೆ ಹಾಡು ಅಲ್ಲಿಂದ ಎಲ್ಲೂ ಹಾರದೆ ಕೊನೆಯವರೆಗೆ ಹೋಯಿತು.